ಬೆಂಕಿಗೆ ಕಾಯಿಸಿದ ಜಾಕೆಟ್ಟು

ನನ್ನ ಬಣ್ಣ ಕಿತ್ತಳೆ, ಸ್ವಭಾವ ಪುಕ್ಕಲು. ಮುಳುಗುವವರನ್ನು ತೇಲಿಸಬೇಕಾದ ಲೈಫ್ ಜಾಕೆಟ್ಟಿಗೇ ನೀರೆಂದರೆ ಭಯ ಎಂದು ನೀವು ನಗಬಹುದು. ನಗಿ, ಬೇಸರವಿಲ್ಲ. ನನ್ನ ಜಾಗದಲ್ಲಿದ್ದಿದ್ದರೆ ನಿಮಗೂ ನಡುಕ ಬರುತ್ತಿತ್ತು.

ಹೊಲಿಗೆ ಕಾರ್ಖಾನೆಯೊಂದರಲ್ಲಿ ನನ್ನ ಹೊಟ್ಟೆಗೆ ಹಗುರವಾದ ಫೋಮ್ ತುಂಬಿ, ಅಂಚಿಗೆಲ್ಲ ಎರಡೆರಡು ಸಾಲು ಹೊಲಿಗೆ ಹಾಕಿದರು. ಒಳಮಗ್ಗುಲಲ್ಲಿ ಒಂದು ಬಿಳಿ ಚೀಟಿ ಹೊಲಿದರು. ಬೆಂಕಿಯ ಹತ್ತಿರ ಇಡಬೇಡಿ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನನಗಿದ್ದ ಬಾಯಿ ಅದೊಂದೇ. ದಾಂಡೇಲಿ ಕಾಡಿಗೆ ಬಂದು, ಕಾಳಿ ನದಿಯ ದಂಡೆಯ ರೆಸಾರ್ಟಿನಲ್ಲಿ ಕೆಲಸಕ್ಕೆ ನಿಂತ ಮೊದಲ ವರ್ಷವೇ ಯಾರದೋ ಸೊಂಟದ ಬೆಲ್ಟಿಗೆ ಸಿಕ್ಕಿ ಆ ಚೀಟಿ ಹರಿದುಹೋಯಿತು.

ರೆಸಾರ್ಟಿಗೆ ನಾನು ಹಳಬನಾದಾಗ ಬಸ್ತ್ಯಾಂವ ಸಿದ್ದಿ ನನ್ನನ್ನು ಕೊಂಡ. ಪ್ರವಾಸಿಗರಿಗೆ ಬೆಳಿಗ್ಗೆ ಮಂಗಟ್ಟೆ ಹಕ್ಕಿ ತೋರಿಸಿ, ಬಿಸಿಲೇರಿದ ಮೇಲೆ ರಬ್ಬರ್ ದೋಣಿಯಲ್ಲಿ ಕೂರಿಸಿ ಹೊಳೆಯ ಸುಳಿ ದಾಟಿಸುವುದು ಅವನ ಕೆಲಸ. ಒಳ್ಳೆಯವನು. ಡಮಾಮಿ ಬಾರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ದೊಡ್ಡ ಡೋಲನ್ನು ಬಾರಿಸುವ ಮುಂಚೆ ಬೆಂಕಿಗೆ ಕಾಯಿಸುತ್ತಾರೆ. ಚರ್ಮ ಬಿಗಿದು ದನಿ ಗಟ್ಟಿಯಾಗುತ್ತದೆ. ಅವನಪ್ಪ, ಅಜ್ಜ ಎಲ್ಲರೂ ಹಾಗೇ ಮಾಡಿದವರು. ಹೊಳೆಯಿಂದ ನೆನೆದು ಬಂದ ನನ್ನನ್ನೂ ಅವನು ಅದೇ ಅಕ್ಕರೆಯಿಂದ ಒಲೆಯ ಮೇಲಿನ ಗಳಕ್ಕೆ ನೇತುಹಾಕಿದ.

ಮೊದಲ ಸಲ ಬಿಸಿ ತಾಗಿದಾಗಲೇ ನನ್ನ ಜೀವ ಬಾಯಿಗೆ ಬಂತು. ಫೋಮಿನೊಳಗೆ ಗಾಳಿ ಹಿಡಿದಿಟ್ಟಿದ್ದ ಸಣ್ಣ ಸಣ್ಣ ಗುಳ್ಳೆಗಳು ಒಡೆಯತೊಡಗಿದವು. ದಿನದಿನಕ್ಕೆ ನಾನು ಸೆಟೆದು ಹಲಗೆಯಂತಾದೆ. ಬಸ್ತ್ಯಾಂವ ನನ್ನ ಬೆನ್ನಿಗೆ ಅಂಗೈಯಿಂದ ಎರಡೇಟು ಹಾಕಿ, ಕಿವಿಗೊಟ್ಟು ಕೇಳಿ, ಹೊಸದರ ಹಾಗಾಗಿದೆ ಎಂದು ಹೆಂಡತಿಗೆ ಹೇಳಿ ಹಿಗ್ಗುತ್ತಿದ್ದ. ಅವನ ಡೋಲಿನ ಕಿವಿಗೆ ನಾನು ಪಾಸಾಗುತ್ತಿದ್ದೆ, ಹೊಳೆಯಲ್ಲಿ ಫೇಲಾಗುವುದು ಖಂಡಿತವಿತ್ತು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ದಿನಾ ಬಿಸಿಲೇರುತ್ತಲೇ ಯಾರೋ ನನ್ನೊಳಗೆ ತೋಳು ತೂರಿಸುತ್ತಿದ್ದರು. ಬಕಲ್ ಟಕ್ಕೆಂದರೆ ಸಾಕು, ಅವರ ಎದೆಬಡಿತ ನನಗೆ ಕೇಳುತ್ತಿತ್ತು. ಇವತ್ತು ಈ ಜೀವವೇ ಏನೋ ಎಂದು ದಡ ಮುಟ್ಟುವವರೆಗೂ ದೇವರನ್ನು ನೆನೆಯುತ್ತಿದ್ದೆ.

ಹೀಗಿರುವಾಗ ಗದಗಿನ ಮಹಿಳಾ ಸಂಘದವರು ಪ್ರವಾಸ ಬಂದರು. ಅವರಲ್ಲಿ ಟೇಲರ್ ನಿಂಬವ್ವ ಒಬ್ಬರು. ಬಸ್ತ್ಯಾಂವ ದಂಡೆಯಲ್ಲಿ ಎಲ್ಲರನ್ನೂ ನಿಲ್ಲಿಸಿ, ಯಾರಾದರೂ ಬಿದ್ದರೆ ಕೈ ಹಿಡಿದು ಎಳೆಯಬೇಡಿ, ಜಾರುತ್ತದೆ, ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಎಳೆಯಿರಿ ಎಂದು ಪಾಠ ಹೇಳಿದ. ನಿಂಬವ್ವ ನನ್ನನ್ನು ಎತ್ತಿದವರು ಹಾಗೇ ನಿಂತರು. ಪಕ್ಕದವರ ಜಾಕೆಟ್ಟನ್ನೂ ಎತ್ತಿ ತೂಕ ನೋಡಿದರು, ನಾನೇ ಭಾರ. ನಲವತ್ತು ವರ್ಷ ಬಟ್ಟೆ ಹಿಡಿದ ಕೈ ಅದು.

"ಅಣ್ಣಾರ, ಇದು ಮ್ಯಾಲೆ ಒಣಗೈತಿ, ಒಳಗ ಇನ್ನೂ ನೀರು ಕುಡದೈತಿ. ನಾ ಇದನ್ನ ಹಾಕ್ಕೊಳ್ಳೂದಿಲ್ಲ."

ಬಸ್ತ್ಯಾಂವ ನಕ್ಕ. ನನಗೆ ಎರಡು ಬಾರಿಸಿ ದನಿ ಕೇಳಿಸಿದ. ಆಕೆ ಒಪ್ಪದಿದ್ದಾಗ ತನ್ನ ಹೊಸ ಜಾಕೆಟ್ಟು ಬಿಚ್ಚಿ ಆಕೆಗೆ ಕೊಟ್ಟು, ನನ್ನನ್ನು ತಾನೇ ತೊಟ್ಟ. ಬೇಡ ಕಣೋ ಎಂದು ಒಳಗೊಳಗೇ ಅಂಗಲಾಚಿದೆ. ಕೇಳುವವರು ಯಾರು?

ಮೂರನೆಯ ಸುಳಿಯಲ್ಲಿ ದೋಣಿ ಬಂಡೆಗೆ ಬಡಿದು ಎದ್ದುಕುಣಿಯಿತು. ಹಿಂದೆ ಕೂತಿದ್ದ ಬಸ್ತ್ಯಾಂವ ಹಾರಿ ಬಿದ್ದ. ಪಕ್ಕೆಗೆ ಕಲ್ಲು ಬಡಿದು ಅವನ ಉಸಿರೇ ಕಟ್ಟಿತು, ಈಜಲು ಕೈ ಏಳಲಿಲ್ಲ. ತೇಲಿಸಬೇಕಾದ ನಾನು ಗಟಗಟ ನೀರು ಕುಡಿದೆ. ಮಗುವಿನಂತೆ ನೋಡಿಕೊಂಡವನನ್ನು ತಬ್ಬಿಕೊಂಡೇ ಕೆಳಗೆಳೆಯುತ್ತಿದ್ದೆ. ಬೆಳಕು ಹಸಿರಾಯಿತು, ಆಮೇಲೆ ಕಪ್ಪಾಯಿತು. ಅಷ್ಟು ಭಯ ನನಗೆ ಬೆಂಕಿಯ ಮೇಲೂ ಆಗಿರಲಿಲ್ಲ.

ಆಗ ಸುಳಿ ನಮ್ಮನ್ನೊಮ್ಮೆ ಮೇಲಕ್ಕೆಸೆಯಿತು, ಭುಜದ ಪಟ್ಟಿಗೆ ಐದು ಬೆರಳು ಬಿದ್ದವು. ನಿಂಬವ್ವ ದೋಣಿಯಿಂದ ಅರ್ಧ ಹೊರಗೆ ಬಾಗಿ, ಕಲಿತ ಪಾಠದಂತೆ ಎಳೆದರು. ನನ್ನ ಹೊಟ್ಟೆ ಕೈಕೊಟ್ಟಿತ್ತು, ಹೊಲಿಗೆ ಮಾತ್ರ ಬಿಡಲಿಲ್ಲ. ಉಳಿದ ಹೆಂಗಸರೂ ಕೈಹಾಕಿ ಅವನನ್ನು ದೋಣಿಯೊಳಕ್ಕೆ ಎಳೆದುಕೊಂಡರು.

ದಂಡೆಗೆ ಬಂದ ಮೇಲೆ ನಿಂಬವ್ವ ಕತ್ತರಿ ತೆಗೆದು ನನ್ನ ಅಂಚು ಬಿಚ್ಚಿದರು. ಸುಟ್ಟ ರೊಟ್ಟಿಯಂಥ ಫೋಮಿನಿಂದ ನೀರು ಸುರಿಯಿತು. ಬಸ್ತ್ಯಾಂವ ಅದನ್ನು ಬೆರಳಲ್ಲಿ ಹಿಂಡಿ ನೋಡಿದ.

"ಡಮಾಮಿ ಹಂಗ ಕಾಯಿಸಿದ್ನವ್ವಾ. ಚಲೋ ಆಗ್ಲಿ ಅಂತನ ಕಾಯಿಸಿದ್ದು," ಎಂದ.

ಆಕೆ ಬೈಯಲಿಲ್ಲ. ಬಿಚ್ಚಿದ ಅಂಚನ್ನು ಹಾಗೇ ಬಿಟ್ಟು ಹೋಗಲು ಮನಸ್ಸಾಗದೆ, ಸೂಜಿದಾರ ತೆಗೆದು ಮತ್ತೆ ಹೊಲಿದುಕೊಟ್ಟರು.

ಈಗ ಒಲೆಯ ಮೇಲೆ ಡೋಲು ಮಾತ್ರ ಕಾಯುತ್ತದೆ. ಪ್ರವಾಸಿಗರು ಬಂದಾಗಲೆಲ್ಲ ಬಸ್ತ್ಯಾಂವ ದಂಡೆಯ ಮಡುವಿನಲ್ಲಿ ಒಂದೊಂದೇ ಜಾಕೆಟ್ಟಿಗೆ ಕಲ್ಲು ಕಟ್ಟಿ ತೇಲಿಸಿ ನೋಡುತ್ತಾನೆ. ಎಲ್ಲಕ್ಕಿಂತ ಮೊದಲು ನನ್ನನ್ನು ಹಗ್ಗ ಕಟ್ಟಿ ಎಸೆಯುತ್ತಾನೆ, ಕೆಟ್ಟದ್ದು ಹೇಗಿರುತ್ತದೆಂದು ತೋರಿಸಲು. ನಾನು ನಿಧಾನವಾಗಿ ಮುಳುಗುತ್ತೇನೆ. ಬೆಳಕು ಹಸಿರಾಗುತ್ತದೆ, ಕಪ್ಪಾಗುತ್ತದೆ, ಹಳೆಯ ನಡುಕ ಮರಳಿ ಬರುತ್ತದೆ. ಆಗ ಒಳಗೆ ತಡವಿ ನೋಡಿಕೊಳ್ಳುತ್ತೇನೆ. ಸದ್ಯ, ನನ್ನೊಳಗೆ ಯಾರೂ ಇಲ್ಲ.