ಎಮ್ಮೆಯ ಹೊಟ್ಟೆಯ ಸದ್ದು

ಹಲ್ಲಿನ ಡಾಕ್ಟರ ಹತ್ತಿರ ಒಂದು ಗಾಡಿಯಿತ್ತು. ಗಾಡಿ ಅಂದರೆ ಇವತ್ತಿನ ನಾಜೂಕಿನ ಕಾರು ಅಂದುಕೊಳ್ಳಬೇಡಿ. ಎತ್ತರದ, ಕರ್ರಗಿನ, ಏಳು ಸೀಟಿನ ಹಳೇ ಎಸ್‌ಯುವಿ. ಹತ್ತಬೇಕಾದರೆ ಒಂದು ಕಾಲು ಮೇಲಿಟ್ಟು ದೇವರನ್ನು ನೆನೆಯಬೇಕು. ಬೀದಿಯವರು ಅದಕ್ಕೆ ಎಮ್ಮೆ ಅಂತ ಹೆಸರಿಟ್ಟಿದ್ದರು. ಬಣ್ಣ ನೋಡಿ ಇಟ್ಟರೋ, ನಡುರಸ್ತೆಯಲ್ಲಿ ನಿಂತರೆ ಯಾರು ಬೈದರೂ ಕದಲದ ಗುಣ ನೋಡಿ ಇಟ್ಟರೋ, ಹೆಸರಂತೂ ಅಂಟಿಕೊಂಡಿತು. ಕೊನೆಗೆ ಡಾಕ್ಟರ ಮನೆಯವರೇ ಎಮ್ಮೆ ಅನ್ನತೊಡಗಿದರು.

ಎಮ್ಮೆಗೊಂದು ಕಾಯಿಲೆ. ನಿಧಾನಕ್ಕೆ ಹೋಗುವ ತನಕ ಸುಮ್ಮನಿರುತ್ತದೆ. ಸ್ವಲ್ಪ ವೇಗ ಏರಿತೋ, ಹಿಂದುಗಡೆ ಹೊಟ್ಟೆಯೊಳಗೆಲ್ಲೋ ಗಡಗಡ, ಝಣಝಣ, ಕಟಕಟ! ಒಳಗೆ ಕೂತವರು ಮಾತು ಬಿಟ್ಟು ಕೈಸನ್ನೆಗೆ ಇಳಿಯಬೇಕು. ಮೊದಮೊದಲು ಸಣ್ಣದಾಗಿ ಕಟ್ ಅನ್ನುತ್ತಿತ್ತು. ಡಾಕ್ಟರು ರಿಪೇರಿ ಶುರು ಮಾಡಿದ ಮೇಲೆ ವರ್ಷದಿಂದ ವರ್ಷಕ್ಕೆ ಜೋರಾಯಿತು. ಅದು ಯಾಕೆ ಅಂತ ಅವರು ಯೋಚಿಸಬೇಕಾಗಿತ್ತು, ಯೋಚಿಸಲಿಲ್ಲ.

"ನೋಡಿ," ಅಂದಳು ಹೆಂಡತಿ ಒಂದು ಬೆಳಿಗ್ಗೆ, ಕೈಯಲ್ಲಿದ್ದ ಸೌಟನ್ನು ಗಂಡನ ಮೂಗಿನ ನೇರಕ್ಕೆ ಹಿಡಿದು. "ಭಾನುವಾರ ಗುಜರಿಯವನಿಗೆ ಬರಕ್ಕೆ ಹೇಳಿದ್ದೀನಿ. ಅಷ್ಟರೊಳಗೆ ಆ ಸದ್ದು ನಿಂತರೆ ಎಮ್ಮೆ ಇರುತ್ತೆ. ಇಲ್ಲಾಂದ್ರೆ ಅವನು ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತಾನೆ. ಆಮೇಲೆ ನನ್ನ ಹತ್ರ ಅತ್ತು ಕರೆದು ಮಾಡಬೇಡಿ."

ಡಾಕ್ಟರ ಎದೆ ಧಸಕ್ಕೆಂದಿತು. ಯಾಕೆ ಅಂತ ಕೇಳಿ. ಕ್ಲಿನಿಕ್ಕಿಗೆ ಬರುವ ಒಂದು ನರಪಿಳ್ಳೆಯೂ ಅವರನ್ನು ನೋಡಿ ಖುಷಿಪಟ್ಟದ್ದಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲೇ ಬೆವರುತ್ತಾರೆ, ಕೂತ ಮೇಲೆ ಕಿರುಚುತ್ತಾರೆ, ಎದ್ದ ಮೇಲೆ ಬೀದಿಯಲ್ಲಿ ಕಂಡರೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಎಮ್ಮೆ ಹಾಗಲ್ಲ. ಕೆಳಗೆ ತೂರಿ ಏನು ಬಿಚ್ಚಿದರೂ, ಏನು ತಿರುಚಿದರೂ ಕಿಮಕ್ ಅನ್ನುವುದಿಲ್ಲ. ಈ ಪ್ರಪಂಚದಲ್ಲಿ ಅವರು ಕೈಯಿಟ್ಟರೆ ಕಿರುಚದ ಜೀವ ಅದೊಂದೇ. ಅದನ್ನೂ ಗುಜರಿಗೆ ಹಾಕಿಬಿಟ್ಟರೆ ರಜೆಯ ಭಾನುವಾರಗಳಲ್ಲಿ ಏನು ಮಾಡುವುದು? ಅವರಿಗೆ ನಿಜವಾಗಲೂ ಅಳು ಬಂತು.

ಮೆಕ್ಯಾನಿಕ್ಕನ ಹತ್ತಿರ ಬಿಡಿ ಅಂದರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. "ಅವನಿಗೆ ಗೊತ್ತಿರೋದು ಸುತ್ತಿಗೆ ಒಂದೇ" ಅನ್ನುತ್ತಿದ್ದರು. ಇವರದು ಸೂಕ್ಷ್ಮದ ಕೈ. ಫೋನಿನಲ್ಲಿ ವಿಡಿಯೊ ನೋಡುವುದು, ಬಾಯೊಳಗೆ ಹಿಡಿಯುವ ಉದ್ದ ಕಡ್ಡಿಯ ಪುಟ್ಟ ಕನ್ನಡಿಯನ್ನು ಎಂಜಿನ್ನಿನ ಸಂದಿಗೆ ತೂರಿಸಿ ಹಣುಕುವುದು, ಡ್ಯಾಶ್‌ಬೋರ್ಡ್ ಅಲುಗಿದರೆ ಸಂದಿಗೆ ಹತ್ತಿಯುಂಡೆ ಗಿಡಿಯುವುದು. ಒಂದು ಸಲ ಕಾಲಿಡುವ ಜಾಗದ ತುಕ್ಕಿನ ತೂತಿಗೆ ಹಲ್ಲಿನ ಸಿಮೆಂಟು ತುಂಬಿ, ತಟ್ಟಿ, "ಸ್ವಲ್ಪ ಹೊತ್ತು ಏನೂ ಅಗಿಯಬೇಡಿ" ಅಂತ ಅಭ್ಯಾಸಬಲದಿಂದ ಎಮ್ಮೆಗೇ ಹೇಳಿದ್ದರು. ಆ ತೂತು ಮುಚ್ಚಿದ್ದು ಇವತ್ತಿಗೂ ಗಟ್ಟಿಯಾಗಿದೆ, ಅದರಲ್ಲಿ ಮಾತಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಪ್ರತಿ ಸಲ ಬಿಚ್ಚಿ, ಒರೆಸಿ, ಜೋಡಿಸಿ ಮುಗಿಸಿದ ಮೇಲೆ ಒಂದು ಸ್ಕ್ರೂ, ಒಂದು ವಾಷರು, ಎಲ್ಲಿಯದೋ ಒಂದು ತಗಡಿನ ಚೂರು ಕೈಯಲ್ಲಿ ಮಿಕ್ಕುತ್ತಿತ್ತು. ಬೇರೆಯವರಾಗಿದ್ದರೆ ಗಾಬರಿ ಬೀಳುತ್ತಿದ್ದರು. ಇವರು ಹಲ್ಲಿನವರು ನೋಡಿ, ಕಿತ್ತದ್ದನ್ನು ವಾಪಸ್ ಹಾಕುವ ಪದ್ಧತಿಯೇ ಅವರ ಕಸುಬಿನಲ್ಲಿಲ್ಲ. ದವಡೆಹಲ್ಲು ಕಿತ್ತ ಮೇಲೂ ಬಾಯಿ ನಡೆಯುತ್ತದಲ್ಲ! ಕಂಪನಿಯವರು ಧಾರಾಳಕ್ಕೆ ನಾಲ್ಕು ಹೆಚ್ಚಿಗೆ ಬಿಗಿದಿರುತ್ತಾರೆ, ಅಷ್ಟೇ. ಒಂದು ಸಲ ಹೆಂಡತಿ ಇದನ್ನು ಕಂಡು "ಇದೆಲ್ಲಿಯದು? ಇದಿಲ್ಲದೆ ನಾವು ಓಡಾಡ್ತಿದ್ದೀವಾ?" ಅಂತ ಮನೆ ಮೇಲೆ ಕೆಳಗೆ ಮಾಡಿದಳು. ಅಂದಿನಿಂದ ಮಿಕ್ಕದ್ದನ್ನು ಆಕೆಯ ಕಣ್ಣಿಗೆ ಬೀಳದ ಹಾಗೆ ಸಾಗಹಾಕತೊಡಗಿದರು.

ಇನ್ನು ಅತ್ತೆಯ ವಿಷಯ. ಹೆಂಡತಿಯ ತಾಯಿ, ಎಮ್ಮೆಯ ಹಿಂದಿನ ಸೀಟಿನ ಖಾಯಂ ಗಿರಾಕಿ. ಗಾಡಿಯ ಬೀಗದಕೈ ಸದ್ದಾದರೆ ಸಾಕು, ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಎಲ್ಲರಿಗಿಂತ ಮೊದಲು ಹತ್ತಿ ಕೂತಿರುತ್ತಾರೆ. ಎಲ್ಲಿಗೆ ಅಂತಲೂ ಕೇಳುವುದಿಲ್ಲ. ಕಿವಿ ಮಂದ, ಹಾಗಾಗಿ ಆ ಗಡಗಡ ಅವರನ್ನು ಎಂದೂ ಮುಟ್ಟಿರಲಿಲ್ಲ. ಮನೆಯಲ್ಲಿ ಸದ್ದಿನ ಜಗಳ ನಡೆದಾಗಲೆಲ್ಲ "ಯಾವ ಸದ್ದು?" ಅಂತ ಮುಗ್ಧವಾಗಿ ಕೇಳುತ್ತಿದ್ದರು. ಡಾಕ್ಟರು ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅತ್ತೆಯ ತುಟಿ ಆಡುತ್ತಲೇ ಇರುತ್ತಿತ್ತು. ಏನು ಹೇಳುತ್ತಿದ್ದಾರೋ ಒಂದಕ್ಷರ ಕೇಳುತ್ತಿರಲಿಲ್ಲ. ನಡುನಡುವೆ ಮುಂದಕ್ಕೆ ಬಾಗಿ ಭುಜ ತಟ್ಟುತ್ತಿದ್ದರು. ಆಗ ಡಾಕ್ಟರು ತಲೆಯನ್ನು ಜೋರಾಗಿ ಆಡಿಸಿ, "ಹೌದತ್ತೆ!" ಅಂತ ಕೂಗುತ್ತಿದ್ದರು. ಹಿರಿಯರಿಗೆ ಎದುರಾಡಬಾರದಲ್ಲ.

ಈ ನಡುವೆ ಒಂದು ದಿನ ಬಣ್ಣದವನು ಏಣಿ ಹೊತ್ತುಕೊಂಡು ಬಂದು, ಮುಂದಿನ ಕೋಣೆಗೆ ಗಿಳಿಹಸಿರು ಬಳಿದು ಹೋದ. ಕಣ್ಣು ಕುಕ್ಕುವ ಹಸಿರು. ಯಾರು ಹೇಳಿದ್ದು ಅಂದರೆ, "ಅಳಿಯಂದ್ರೇ ಒಪ್ಪಿದ್ದು" ಅಂದರು ಅತ್ತೆ. ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದಳು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಸುಳ್ಳು ಹೇಳ್ತಿದ್ದಾರೆ ಅನ್ನಲಾದೀತೇ?

ಗಡುವಿನ ವಾರ ಡಾಕ್ಟರು ಕ್ಲಿನಿಕ್ಕು ಬೇಗ ಮುಚ್ಚಿ ಎಮ್ಮೆಯ ಕೆಳಗೇ ಮನೆ ಮಾಡಿದರು. ಹೊಗೆ ಕೊಳವೆಯ ಪಟ್ಟಿ ಸಡಿಲವಿರಬಹುದು ಅಂತ ಬಿಗಿದರು. ಸದ್ದು ಹೋಗಲಿಲ್ಲ. ಶಾಕ್ ಅಬ್ಸಾರ್ಬರಿನ ರಬ್ಬರು ಬದಲಾಯಿಸಿದರು, ಹೋಗಲಿಲ್ಲ. ಹಿಂದಿನ ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟರು, ಸೀಟಿನ ಹಳಿಗಳಿಗೆ ಗ್ರೀಸು ಮೆತ್ತಿದರು, ಆ ಗ್ರೀಸಿನ ಮೇಲೆ ಅತ್ತೆ ಕೈಚೀಲ ಇಟ್ಟು ಬೇರೊಂದು ರಾಮಾಯಣವಾಯಿತು. ಸದ್ದು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಶನಿವಾರ ಸಂಜೆ. ಕೊನೆಯ ಪ್ರಯತ್ನವೂ ಮುಗಿದು ಡಾಕ್ಟರು ಕೈಚೆಲ್ಲಿ ಹಿಂದಿನ ಸೀಟಿನಲ್ಲಿ ಕುಕ್ಕರಿಸಿದರು. ಅಂಗೈಯಲ್ಲಿ ಒಂದು ಸ್ಕ್ರೂ ಮಿಕ್ಕಿತ್ತು. ಎಡಗಡೆ ಕಿಟಕಿಯ ಕೆಳಗೆ ಗಾಡಿಯ ಗೋಡೆಯಲ್ಲೊಂದು ಸೀಳಿತ್ತು. ಅಲ್ಲಿದ್ದ ಮುಚ್ಚಳ ಯಾವುದೋ ಹಳೇ ರಿಪೇರಿಯಲ್ಲಿ ಮಿಕ್ಕಿ ಅದೇ ಸೀಳಿನೊಳಗೆ ಹೋಗಿತ್ತು. ಮಿಕ್ಕದ್ದಕ್ಕೆಲ್ಲ ಅದೇ ಗೂಡು. ಹೆಂಡತಿಗೆ ಕೇಳಿಸದಿರಲಿ ಅಂತ ಯಾವಾಗಲೂ ಎಂಜಿನ್ ಓಡುತ್ತಿರುವಾಗಲೇ ಈ ಕೆಲಸ ಮಾಡುತ್ತಿದ್ದರು. ಇವತ್ತು ಬ್ಯಾಟರಿ ಬಿಚ್ಚಿದ್ದರಿಂದ ಎಂಜಿನ್ ಸುಮ್ಮನಿತ್ತು. ಆಚೆ ಈಚೆ ನೋಡಿ ಸ್ಕ್ರೂ ಒಳಗೆ ತಳ್ಳಿದರು.

ಕಟ್. ಝಣ್.

ಡಾಕ್ಟರು ಕೂತಲ್ಲೇ ಕಲ್ಲಾದರು. ಇಷ್ಟು ವರ್ಷ ನಾಯಿಯ ಹಾಗೆ ಹಿಂದೆ ಬಿದ್ದು ಹುಡುಕಿದ್ದ ಸದ್ದು ಅದು! ಮುಷ್ಟಿ ಕಟ್ಟಿ ಗೋಡೆಗೆ ಒಂದು ಗುದ್ದು ಕೊಟ್ಟರು. ಗಡಗಡ, ಝಣಝಣ, ಕಟಕಟ. "ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಂದುಕೊಂಡರು. ಸದ್ದು ಹುಡುಕಲು ಬಿಚ್ಚಿದ್ದು, ಬಿಚ್ಚಿದ್ದರಲ್ಲಿ ಮಿಕ್ಕಿದ್ದು, ಮಿಕ್ಕಿದ್ದೇ ಸದ್ದು. ತಾನೇ ಎಮ್ಮೆಯ ಹೊಟ್ಟೆಗೆ ಕಬ್ಬಿಣ ತಿನ್ನಿಸಿ, ತಾನೇ ಹೊಟ್ಟೆನೋವಿಗೆ ಮದ್ದು ಮಾಡುತ್ತಿದ್ದರು.

ಕ್ಲಿನಿಕ್ಕಿನಿಂದ ಉದ್ದದ ಇಕ್ಕಳ ತಂದು, "ಬಾಯಿ ದೊಡ್ಡದಾಗಿ ತೆಗಿ" ಅನ್ನುತ್ತ ಆ ಗೋಡೆಯ ಹಲಗೆ ಕಿತ್ತು, ಒಂದೊಂದಾಗಿ ಹೊರಗೆಳೆದರು. ಸ್ಕ್ರೂ, ನಟ್ಟು, ವಾಷರು, ತಗಡು, ಕಳೆದುಹೋದ ಮುಚ್ಚಳ. ಅಡುಗೆಮನೆಯಿಂದ ಕದ್ದು ತಂದ ಬೋಗುಣಿ ತುಂಬಿ ತುಳುಕಿತು. ಹೆಂಡತಿಗೆ ಹೇಳುವುದೇ? ಸತ್ತರೂ ಇಲ್ಲ. ಬೋಗುಣಿಗೆ ಟವೆಲು ಗಿಡಿದು ಡ್ರೈವರ್ ಸೀಟಿನ ಕೆಳಗೆ ತಳ್ಳಿದರು. ಹಲಗೆ ಜೋಡಿಸಿದ ಮೇಲೆ ಎರಡು ಸ್ಕ್ರೂ ಮಿಕ್ಕವು, ಅವನ್ನೂ ಬೋಗುಣಿಗೇ ಹಾಕಿದರು.

ಭಾನುವಾರ ಗುಜರಿಯವನು ಹೇಳಿದ ಹಾಗೆ ಬಂದ. ಹೆಗಲ ಮೇಲೆ ಹಗ್ಗ, ಎಮ್ಮೆಯನ್ನು ಆಗಲೇ ಬಿಡಿ ಬಿಡಿಯಾಗಿ ನೋಡುವ ಕಣ್ಣು. "ಇಲ್ಲೇ ಕೂತಿರಪ್ಪ, ಕೆರೆ ತನಕ ಹೋಗಿ ಬರ್ತೀವಿ, ಆಮೇಲೆ ಹೇಳ್ತೀನಿ" ಅಂದಳು ಹೆಂಡತಿ. ಅವನು ಗೇಟಿನ ಕಟ್ಟೆಯ ಮೇಲೆ ಕೂತ. ಅತ್ತೆ ಯಾವಾಗಲೋ ಹತ್ತಿ ಕೂತಾಗಿತ್ತು.

ಎಮ್ಮೆ ಹೊರಟಿತು. ಬೀದಿ ದಾಟಿತು, ದೊಡ್ಡ ರಸ್ತೆಗೆ ಬಂತು. ಡಾಕ್ಟರು ಉಸಿರು ಬಿಗಿಹಿಡಿದು ವೇಗ ಏರಿಸಿದರು. ಒಂದು ಗುಂಡಿ ದಾಟಿತು. ಇನ್ನೊಂದು. ಸದ್ದೇ ಇಲ್ಲ! ಹೆಂಡತಿ ಹುಬ್ಬೇರಿಸಿ, "ಪರವಾಗಿಲ್ವೇ! ಏನಾಗಿತ್ತಂತೆ?" ಅಂದಳು. "ಒಂದು ಸೂಕ್ಷ್ಮವಾದ ತೊಂದರೆ. ನಿಂಗೆ ಅರ್ಥ ಆಗಲ್ಲ ಬಿಡು" ಅಂದು ಡಾಕ್ಟರು ಮೀಸೆ ತಿರುವಿದರು. ಎಮ್ಮೆ ಉಳಿಯಿತು ಅಂತ ಅವರ ಮನಸ್ಸು ಕುಣಿಯುತ್ತಿತ್ತು.

ಆಗ ಹಿಂದಿನ ಸೀಟಿನಿಂದ ಒಂದು ದನಿ ಬಂತು. ಸ್ಪಷ್ಟವಾಗಿ, ಅಕ್ಷರ ಅಕ್ಷರ ಬಿಡಿಸಿ.

"ಬ್ರೇಕ್ ಹಾಕೋದು ನೋಡು, ದವಡೆಹಲ್ಲು ಕಿತ್ತ ಹಾಗೆ. ಪಾಪ, ನಮ್ಮ ಅಳಿಯಂದ್ರಿಗೆ ಒಂದು ಕೆಲಸಾನೂ ನೆಟ್ಟಗೆ ಬರಲ್ಲ." ಭುಜದ ಮೇಲೆ ತಟ್ಟು ಬಿತ್ತು. "ಅಲ್ವಾ ಅಳಿಯಂದ್ರೇ?"

"ಹೌದತ್ತೆ!" ಅಂದುಬಿಟ್ಟರು ಡಾಕ್ಟರು. ಅಂದ ಮೇಲೆ ಅರ್ಥವಾಗಿ ಕಿವಿ ಕೆಂಪಾಯಿತು. ಹೆಂಡತಿ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. "ನಮ್ಮ ಹುಡುಗಿ ಅಡುಗೇನೂ ಹಂಗೇ ಅನ್ನಿ. ಒಂದು ದಿನ ಉಪ್ಪಿರಲ್ಲ, ಒಂದು ದಿನ ಉಪ್ಪು ಬಿಟ್ಟು ಬೇರೇನೂ ಇರಲ್ಲ. ಹೋದ ವಾರ ನಾನಂದಾಗ ನೀವು ಎಷ್ಟು ಜೋರಾಗಿ ಹೌದು ಅಂದ್ರಿ! ನಂಗೆ ಸಮಾಧಾನ ಆಯ್ತು, ಪಾಪ ಇವರೂ ಸಹಿಸ್ಕೊಂಡಿದ್ದಾರೆ ಅಂತ."

ಹೆಂಡತಿಯ ಕತ್ತು ನಿಧಾನವಾಗಿ ಗಂಡನ ಕಡೆ ತಿರುಗಿತು. ಡಾಕ್ಟರು ರಸ್ತೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

"ನನ್ನ ತಂಗಿಗೂ ಫೋನ್ ಮಾಡಿ ಹೇಳಿದ್ದೀನಿ, ಬಂದು ಇರು, ಅಳಿಯಂದ್ರು ಒಪ್ಪಿದ್ದಾರೆ ಅಂತ. ಬರೋ ತಿಂಗಳು ಬರ್ತಾಳೆ. ಹೋಗೋದು ಯಾವಾಗ ಅಂತ ಆಮೇಲೆ ನೋಡಿಕೊಂಡ್ರಾಯ್ತು. ಬಣ್ಣದ ವಿಷಯದಲ್ಲಿ ಹೆಂಗೆ ಒಂದೇ ಮಾತಿಗೆ ಒಪ್ಪಿದ್ರೋ, ಇದಕ್ಕೂ ಹಂಗೇ. ಚಿನ್ನದಂಥ ಅಳಿಯ."

"ಗಾಡಿ ನಿಲ್ಸಿ" ಅಂದಳು ಹೆಂಡತಿ.

ಎಮ್ಮೆ ರಸ್ತೆ ಬದಿಗೆ ನಿಂತಿತು.

"ಒಳಗಿಂದ ಏನು ತೆಗೆದ್ರಿ?"

"ಏನಿಲ್ಲ, ಸೂಕ್ಷ್ಮವಾದ..."

"ಏನು ತೆಗೆದ್ರಿ ಅಂದೆ!"

ಡಾಕ್ಟರು ಕಳ್ಳನ ಹಾಗೆ ಬಾಗಿ ಸೀಟಿನ ಕೆಳಗಿಂದ ಟವೆಲು ಮುಚ್ಚಿದ ಬೋಗುಣಿ ಎಳೆದರು. ಹೆಂಡತಿ ಟವೆಲು ಸರಿಸಿ ನೋಡಿದಳು. ಒಳಗಿನ ಕಬ್ಬಿಣಕ್ಕಿಂತ ಮೊದಲು ಆಕೆಯ ಕಣ್ಣಿಗೆ ಬಿದ್ದದ್ದು ಪಾತ್ರೆ. "ನನ್ನ ಬೋಗುಣಿ! ನಿನ್ನೆಯಿಂದ ಹುಡುಕಿ ಸಾಯ್ತಿದ್ದೀನಿ!" ಆಮೇಲೆ ಒಂದು ಸ್ಕ್ರೂ ಎತ್ತಿ ನೋಡಿದಳು, ಗಂಡನ ಮುಖ ನೋಡಿದಳು, ಎಲ್ಲ ಹೊಳೆಯಿತು. ಬೈಯಲು ಬಾಯಿ ತೆರೆದವಳು ಹಿಂದಿನ ಸೀಟನ್ನೊಮ್ಮೆ ನೋಡಿ ಮನಸ್ಸು ಬದಲಿಸಿದಳು. "ಎಲ್ಲಿಂದ ತೆಗೆದ್ರೋ ಅಲ್ಲಿಗೇ ಹಾಕಿ. ಎಲ್ಲಾನೂ. ಈಗಲೇ."

"ಗುಜರಿಯವನು?"

"ಅವನಿಗೆ ನಾನು ಹೇಳ್ಕೋತೀನಿ. ಮೊದಲು ಹಾಕ್ರಿ!"

ಡಾಕ್ಟರು ಹಿಂದಿನ ಬಾಗಿಲು ತೆಗೆದು, ಅತ್ತೆಯ ಪಕ್ಕ ಮಂಡಿಯೂರಿ, ಸೀಳಿನೊಳಗೆ ಹಿಡಿ ಹಿಡಿಯಾಗಿ ಸುರಿಯತೊಡಗಿದರು. ಎಮ್ಮೆ ಉಳಿಯಿತು, ಮರ್ಯಾದೆಯೂ ಹೆಚ್ಚುಕಮ್ಮಿ ಉಳಿಯಿತು. ಖುಷಿಯಿಂದಲೇ ಸುರಿಯುತ್ತಿದ್ದರು. ಅಳಿಯ ತಮ್ಮ ಹತ್ತಿರ ಮಾತಾಡಲೆಂದೇ ಹಿಂದೆ ಬಂದರು ಅಂದುಕೊಂಡ ಅತ್ತೆ ದನಿ ತಗ್ಗಿಸಿದರು.

"ಗಾಡಿ ಕೊಡಬೇಡ ಅಂತ ಹೇಳಿ ಅಳಿಯಂದ್ರೇ ಅವಳಿಗೆ. ನೀವು ಹೇಳಿದ್ರೆ ಕೇಳ್ತಾಳೆ. ಮನೇಲಿ ನಾನು ಬಾಯಿ ತೆಗೆದ್ರೆ ಒಬ್ಬೊಬ್ಬರೂ ಎದ್ದು ಹೋಗ್ತಾರೆ. ಕಿವುಡಿ ಹತ್ರ ಯಾರು ಕೂಗ್ತಾರೆ ಹೇಳಿ. ಕೂತು ನನ್ನ ಮಾತು ಕೇಳೋರು ನೀವೊಬ್ಬರೇ, ಅದೂ ಈ ಗಾಡಿಲಿ. ಇದೂ ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ?"

ಡಾಕ್ಟರ ಕೈ ಬೋಗುಣಿಯಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಅವರು ಒಂದೇ ಒಂದು ಮಾತೂ ಕೇಳಿರಲಿಲ್ಲ. ತುಂಬಾ ನಾಚಿಕೆಯಾಯಿತು. ಮುಂದೆ ಕೂತ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು, ಮೂಗು ಒರೆಸಿಕೊಂಡಳು.

ಮಿಕ್ಕಿದ್ದನ್ನೂ ಸುರಿದು ಡಾಕ್ಟರು ಬಂದು ಸ್ಟೇರಿಂಗ್ ಹಿಡಿದರು. ಎಮ್ಮೆಯನ್ನು ಮನೆಯ ಕಡೆ ತಿರುಗಿಸಿ, ಎಷ್ಟು ನಿಧಾನ ಓಡಿಸಿದರು ಅಂದರೆ ಒಬ್ಬ ಮುದುಕ ಸೈಕಲ್ಲಿನಲ್ಲಿ ಹಿಂದೆ ಹಾಕಿ ಹೋದ. ಹಿಂದಿನ ಗಾಡಿಯವರು ಹಾರ್ನು ಹೊಡೆದು ಹೊಡೆದು ಬೈದು ಹೋದರು. ಆ ವೇಗಕ್ಕೆ ಸದ್ದು ಏಳುವುದಿಲ್ಲ ಅಂತ ಹೆಂಡತಿಗೂ ಗೊತ್ತಿತ್ತು. ಆದರೂ ಬೇಗ ಹೋಗಿ ಅನ್ನಲಿಲ್ಲ.

"ಮುಂದಿನ ಕೋಣೆ ಆಯ್ತು" ಅಂತ ಶುರುವಾಯಿತು ಹಿಂದಿನಿಂದ. "ಇನ್ನು ಅಡುಗೆಮನೆಗೂ ಆ ಗಿಳಿಹಸಿರೇ ಹೊಡೆಸಿಬಿಡೋಣ. ಅಲ್ವಾ ಅಳಿಯಂದ್ರೇ?"

ಡಾಕ್ಟರು ಪೂರ್ತಿ ಹಿಂದಕ್ಕೆ ತಿರುಗಿ, ಗಂಟಲು ಹರಿಯುವ ಹಾಗೆ ಕೂಗಿದರು. "ಇಲ್ಲತ್ತೆ! ಬೇಡ! ಕಣ್ಣು ಕುಕ್ಕುತ್ತೆ!"

ಅತ್ತೆಯ ಕಣ್ಣು ಅಗಲವಾಯಿತು. ಆಮೇಲೆ ಕೈಚೀಲ ಪಕ್ಕಕ್ಕೆಸೆದು, ಸೀಟಿನ ತುದಿಗೆ ಜರುಗಿ, ಮುಖವೆಲ್ಲ ನಗುವಾಗಿ, "ಅಯ್ಯಯ್ಯೋ! ಹಾಗಾದ್ರೆ ಯಾವ ಬಣ್ಣ ಅಂತೀರಿ? ಹೇಳಿ ಹೇಳಿ, ಕೇಳೋಣ!" ಅಂದರು.

ಗೇಟಿನ ಹತ್ತಿರ ಗುಜರಿಯವನು ಹಗ್ಗ ಹಿಡಿದು ಎದ್ದು ನಿಂತ. ಹೆಂಡತಿ ಕಿಟಕಿಯಿಂದ ಕೈಯಾಡಿಸಿ, "ಹೋಗಪ್ಪ, ಹೋಗು, ಕೊಡಲ್ಲ" ಅಂದಳು. ಗಂಡ ಬ್ರೇಕಿನ ಮೇಲೆ ಕಾಲಿಡುತ್ತಿದ್ದಂತೆ ತೊಡೆಗೊಂದು ತಟ್ಟಿದಳು. "ನಿಲ್ಲಿಸಬೇಡಿ. ಇನ್ನೊಂದು ಸುತ್ತು ಹೋಗಿ ಬರೋಣ. ಹಿಂಗೇ, ನಿಧಾನಕ್ಕೆ."