ಮನೆಗೆ ಗೊತ್ತಾಗದ ಹಾಗೆ

ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಹಾಯ್ಮೆ ಅಲ್ಗ್ರಾಂತಿ ಇನ್ನೂ ಯೋಚಿಸುತ್ತಿರುವಾಗಲೇ ಸಭಾಂಗಣದ ಉಳಿದವರೆಲ್ಲ ಎದ್ದು ನಿಂತಿದ್ದರು. ವೇದಿಕೆಯ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ರಟ್ಟಿನ ಮನೆಯೊಂದಕ್ಕೆ ಮುಖ ಮಾಡಿ, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಒಬ್ಬೊಬ್ಬರಾಗಿ ಪರದೆಯ ಮರೆಗೆ ಸರಿಯುತ್ತಿದ್ದರು. ಹುಡುಗಿಯೊಬ್ಬಳು ಎಡವಿ ದೊಪ್ಪನೆ ಕೂತಳು. ಯಾರೂ ನಗಲಿಲ್ಲ. ಅವನಿಗೆ ಮೊದಲು ಭಯವಾದದ್ದು ಆಗಲೇ.

ಮುಂದಿನ ಸಾಲಿನ ಮುದುಕನೊಬ್ಬ ಕಣ್ಣೊರೆಸಿಕೊಳ್ಳುತ್ತ ಪಕ್ಕದವನಿಗೆ ಹೇಳಿದ: "ನಮ್ಮಮ್ಮನೂ ಹಿಂಗೇ ಬಂದಿದ್ಲು ಕಣಯ್ಯ."

ಬಂದಿರಲಿಲ್ಲ. ಯಾರ ಅಮ್ಮನೂ ಹಾಗೆ ಬಂದಿರಲಿಲ್ಲ.

ಅದು ಅವನ ಚಿತ್ರಕಾದಂಬರಿಯ ಒಂದು ಪುಟ. ಅಜ್ಜಿ ಬುಲಿಸಾ ಹುಟ್ಟೂರು ಇಜ್ಮಿರ್‌ನ ಮನೆ ಬಿಟ್ಟು, ಬ್ಯೂನಸ್ ಐರಿಸ್‌ಗೆ ಬರುವ ಹಡಗು ಹತ್ತಲು ಹೊರಡುವ ಪುಟ. ಹೊರಟವಳ ಬೆನ್ನು ಕಾಣುತ್ತದೆ. ಅವನಿಗೆ ಬೇಕಾಗಿದ್ದದ್ದು ಮುಖ. ಎಷ್ಟು ಅಳಿಸಿ ಬರೆದರೂ ಬೆನ್ನಿಗೆ ದುಃಖ ಬರಲಿಲ್ಲ. ಕಡೆಗೆ ಅವಳನ್ನು ಮನೆಯ ಕಡೆಗೇ ತಿರುಗಿಸಿ ನಿಲ್ಲಿಸಿ ಹಿಂದಕ್ಕೆ ನಡೆಸಿದ. ಅದಕ್ಕೊಂದು ಕಾರಣ ಬೇಕಲ್ಲ, ಬಾಯಿಗೊಂದು ಮಾತು ಕೊಟ್ಟ: "ಶ್, ನಾವು ಹೊರಟದ್ದು ಮನೆಗೆ ಗೊತ್ತಾಗಬಾರದು." ಬರೆದಾದ ಮೇಲೆ ತನ್ನ ಜಾಣತನಕ್ಕೆ ತಾನೇ ತಲೆದೂಗಿ ಕಾಫಿ ಕಾಸಿಕೊಂಡು ಕುಡಿದಿದ್ದ.

"ನಮ್ಮನ್ನ ಉಳಿಸಿಬಿಟ್ರಿ ನೀವು!" ಯೆಹೂದಿ ಸಮುದಾಯ ಭವನದ ಅಧ್ಯಕ್ಷೆ ಲೂನಾ ಬೆಹಾರ್ ಅವನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಪುಸ್ತಕ ಬರೋ ಮುಂಚೆ ಈ ಮಕ್ಕಳಿಗೆ ಇಜ್ಮಿರ್ ಅಂದ್ರೆ ಊರೋ ಸಿಹಿತಿಂಡಿಯೋ ಗೊತ್ತಿರ್ಲಿಲ್ಲ."

"ಹಾಗೇನಿಲ್ಲ."

"ಹೋದ ತಿಂಗಳು ನಮ್ಮಮ್ಮನ ಫ್ಲ್ಯಾಟ್ ಖಾಲಿ ಮಾಡಿದ್ವಿ. ಅಮ್ಮ ತೀರಿಕೊಂಡ್ರಲ್ಲ. ನಾವು ಅಕ್ಕತಂಗೀರು, ಅಣ್ಣ, ಎಲ್ಲಾ ಹಿಂದೆ ಹಿಂದೆ ನಡ್ಕೊಂಡೇ ಹೊರಗೆ ಬಂದ್ವಿ. ಅಣ್ಣ ಮೆಟ್ಟಿಲಲ್ಲಿ ಬಿದ್ದು ಕಾಲು ಉಳುಕಿಸಿಕೊಂಡ. ಆದ್ರೂ ತಿರುಗಲಿಲ್ಲ ನೋಡಿ! ಸಂಪ್ರದಾಯ ಅಲ್ವಾ?"

ಅದು ಸಂಪ್ರದಾಯವಲ್ಲ, ಲೂನಾ, ನನಗೆ ಬೆನ್ನು ಬರೆಯೋಕೆ ಬರೋದಿಲ್ಲ ಅಷ್ಟೆ, ಎನ್ನಬೇಕಾಗಿತ್ತು.

"ಹೂಂ," ಎಂದ.

ಹೊರಗೆ, ಕಟ್ಟಡದ ಮುಂದೆ, ಬಾಂಬು ತುಂಬಿದ ಕಾರು ನುಗ್ಗದಿರಲೆಂದು ನೆಟ್ಟ ಕಾಂಕ್ರೀಟ್ ಕಂಬಗಳು. ಅವುಗಳ ನಡುವೆ ಹಾಯುವಾಗಲೆಲ್ಲ ಅವನ ಉಸಿರು ಬಿಗಿಯುತ್ತಿತ್ತು. ಇವತ್ತು ಅವನ್ನು ನೋಡಲೂ ಇಲ್ಲ. ಇವತ್ತಿನ ಭಯ ಒಳಗಿನಿಂದ ಬರುತ್ತಿತ್ತು. ಅದಕ್ಕೆ ಯಾರೂ ಕಂಬ ನೆಟ್ಟಿರಲಿಲ್ಲ.

ಅವನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡುವವನು. ಮೂಲ ಯಾವುದು, ಸಾಕ್ಷಿ ಯಾರು ಎಂದು ವಿದ್ಯಾರ್ಥಿಗಳನ್ನು ಪೀಡಿಸುವವನು. ಬಸ್ಸಿನ ಕಂಬಿ ಹಿಡಿದು ನಿಂತು ತನ್ನ ಪುಸ್ತಕದಲ್ಲಿ ನಿಜ ಯಾವುದು, ತಾನು ಕಟ್ಟಿದ್ದು ಯಾವುದು ಎಂದು ಬೇರ್ಪಡಿಸಲು ಹೊರಟ. ಜೋಗುಳದ ಎರಡನೆಯ ಸಾಲು? ಶುಕ್ರವಾರದ ಸಂಜೆ ಬಾಗಿಲಿಗೆ ಚಿಮುಕಿಸುತ್ತಿದ್ದ ಪನ್ನೀರು? ಯಾರೋ ಹೇಳಿದ್ದರು. ಅಥವಾ ಆ ಪುಟದ ಮೂಲೆ ಖಾಲಿ ಉಳಿದಿತ್ತೆಂದು ತಾನೇ ತುಂಬಿದ್ದ. ಸತ್ತ ತಾಯಿಯ ಮುಖವನ್ನಾದರೂ ಗಟ್ಟಿ ಹಿಡಿಯೋಣವೆಂದು ಕಣ್ಣು ಮುಚ್ಚಿದರೆ ಬಂದದ್ದು ತಾನೇ ಬರೆದ ಮುಖ, ಕಪ್ಪು ಶಾಯಿಯದು, ಕೆನ್ನೆಯ ಮೇಲೆ ನೆರಳಿಗೆಂದು ಎಳೆದ ಅಡ್ಡಗೆರೆಗಳ ಸಮೇತ. ಗೆರೆಗಳ ಹಿಂದೆ ಯಾರೂ ಇರಲಿಲ್ಲ.

ಕೇಳಲು ಒಬ್ಬಳಿದ್ದಳು, ತಾಯಿಯ ಅಕ್ಕ, ದೊಡ್ಡಮ್ಮ ಸುಲ್ತಾನಾ. ಆ ಹಡಗಿನಲ್ಲಿ ಬಂದವರ ಪೈಕಿ ಮನೆತನದಲ್ಲಿ ಉಳಿದವಳು ಅವಳೊಬ್ಬಳೇ. ಪುಸ್ತಕಕ್ಕೆಂದು ಅವನು ಕೇಳಿದಾಗ ಆ ದಿನದ ಬಗ್ಗೆ ಅವಳು ಹೇಳಿದ್ದು ಇಷ್ಟೇ: "ಅಪ್ಪನ ಹೆಗಲ ಮೇಲೆ ನಿದ್ದೆ ಮಾಡ್ತಿದ್ದೆ. ಕಣ್ಣು ಬಿಟ್ರೆ ಹಡಗು." ಅವತ್ತು ಎಂಥ ನಿರಾಸೆಯಾಗಿತ್ತು ಅವನಿಗೆ! ಈಗ ಆ ಬಡಕಲು ಮಾತನ್ನೇ ಮತ್ತೊಮ್ಮೆ ಅವಳ ಬಾಯಿಂದ ಕೇಳಿದರೆ ಸಾಕು ಎನ್ನಿಸಿತು.

ದೊಡ್ಡಮ್ಮ ಬಾಗಿಲು ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಒಣಗಿದ ಮೀನಿನ ಹಾಗಾಗಿದೀಯ. ಹೆಂಡ್ತಿ ಅನ್ನ ಹಾಕಲ್ವಾ?"

"ಅವಳು ಬಿಟ್ಟುಹೋದಳಲ್ಲ ದೊಡ್ಡಮ್ಮ."

"ಹಾಂ, ಹೌದು. ಬುದ್ಧಿವಂತೆ. ಕೂತ್ಕೊ."

ಬದನೆಕಾಯಿ ತುಂಬಿ ಬೇಯಿಸಿದ ಕಡುಬು, ಬೊರೆಕಾಗಳನ್ನು ತಂದಿಟ್ಟಳು. ಕಣ್ಣು ಮಂಜಾಗಿದ್ದರೂ ಅವನ ತಟ್ಟೆ ಖಾಲಿಯಾಗುವುದು ಮಾತ್ರ ಅವಳಿಗೆ ಹೇಗೋ ಕಾಣುತ್ತಿತ್ತು. ಅವನು ಸುಮ್ಮನೆ ಮಾತಿಗೆ ಎಂಬಂತೆ ಕೇಳಿದ: "ಇಜ್ಮಿರ್ ಬಿಟ್ಟ ದಿನ ಏನಾಯ್ತು, ಇನ್ನೊಂದ್ಸಲ ಹೇಳಿ."

"ಎಷ್ಟು ಸಲ ಹೇಳಲಿ? ಅಮ್ಮ ಮನೆ ಕಡೆ ಮುಖ ಮಾಡಿ ಹಿಂದೆ ಹಿಂದೆ ನಡ್ಕೊಂಡು ಬಂದಳು."

ಅವನು ಕಚ್ಚಿದ ಬೊರೆಕಾವನ್ನು ಮರಳಿ ತಟ್ಟೆಗಿಟ್ಟ.

"ಅವಳಿಗೆ ದಾರಿ ಕಾಣಬೇಕಲ್ಲ? ನಾನು ಹಿಂದಿನಿಂದ ಲಂಗ ಹಿಡ್ಕೊಂಡಿದ್ದೆ. 'ಕಲ್ಲು ಅಮ್ಮಾ, ಮೆಟ್ಟಿಲು ಅಮ್ಮಾ' ಅಂತ ಹೇಳ್ತಾ ಬಂದೆ. ಲಂಗ ಒದ್ದೆ ಇತ್ತು, ನೆಲ ಒರೆಸಿ ಹಾಗೇ ಹೊರಟಿದ್ದಳು, ವಿನಿಗರ್ ವಾಸನೆ. ಪಕ್ಕದ ಮನೆಯವಳು 'ಏನೇ ಬುಲಿಸಾ, ತಲೆ ಕೆಟ್ಟಿದೆಯಾ' ಅಂದಳು. ಅಮ್ಮ ಅಂದಳು, 'ಶ್, ನಾವು ಹೊರಟದ್ದು ಮನೆಗೆ ಗೊತ್ತಾಗಬಾರದು.'"

ಆ ಕೊನೆಯ ಮಾತು ಅವನದು, ಅಕ್ಷರ ಅಕ್ಷರವೂ. ಒದ್ದೆ ಲಂಗ ಅವನದಲ್ಲ. ವಿನಿಗರ್ ಅವನದಲ್ಲ. ಇವು ಎಲ್ಲಿಂದ ಬಂದವು? ಒಂದು ಕ್ಷಣ ನಡೆದೇ ಇದ್ದಿರಬಹುದು ಎನ್ನಿಸಿತು. ಆಮೇಲೆ, ನಡೆದಿದ್ದರೂ ಇನ್ನು ಅದು ತನಗೆ ಗೊತ್ತಾಗುವುದಿಲ್ಲ ಎನ್ನಿಸಿತು.

"ದೊಡ್ಡಮ್ಮ, ಅದು ನಾನು ಕಟ್ಟಿದ್ದು."

"ಏನನ್ನ?"

"ಹಿಂದೆ ಹಿಂದೆ ನಡೆದದ್ದು. ಪುಸ್ತಕಕ್ಕೋಸ್ಕರ. ಅದು ನಡೀಲೇ ಇಲ್ಲ."

ಅವಳು ನಕ್ಕಳು. "ನೀನಿದ್ಯಾ ಅಲ್ಲಿ? ನಿಮ್ಮಮ್ಮನೇ ಹುಟ್ಟಿರ್ಲಿಲ್ಲ."

"ನೀವು ಅಪ್ಪನ ಹೆಗಲ ಮೇಲೆ ನಿದ್ದೆ ಮಾಡ್ತಿದ್ರಂತೆ."

"ಯಾವಳು ಹೇಳಿದ್ದು?"

"ನೀವೇ."

"ನಾನಾ? ನಾನು ಯಾಕೆ ನಿದ್ದೆ ಮಾಡಲಿ? ಊರು ಬಿಡೋ ದಿನ ಯಾರಾದ್ರೂ ನಿದ್ದೆ ಮಾಡ್ತಾರಾ?"

ಆದರೆ ದನಿ ಅಳುಕಿತ್ತು. ಮೇಜುಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ಮುಖವೊಂದು ಅವಳ ಸುಕ್ಕುಗಳ ನಡುವಿನಿಂದ ಹೊರಗೆ ನೋಡಿತು. ಅವನು ತನ್ನ ತಪ್ಪನ್ನು ಹೇಳಿ ಹಗುರಾಗಲು ಹೊರಟಿದ್ದ. ಅವಳಿಂದ ಏನನ್ನು ಕಿತ್ತುಕೊಂಡೆ ಎಂಬುದು ಈಗ ತಿಳಿಯಿತು.

"ಹಾಗಾದ್ರೆ," ಎಂದಳು, "ಅಮ್ಮ ಹೆಂಗೆ ಹೊರಟಳು?"

"ಗೊತ್ತಿಲ್ಲ ದೊಡ್ಡಮ್ಮ."

"ಗೊತ್ತಿಲ್ಲ ಅಂದ್ರೆ? ನೀನು ಬರೆಯೋನಲ್ವಾ?"

"ಹೋಗಲಿ ಬಿಡಿ. ನೀವು ಹೇಳಿದ ಹಾಗೇ ಇರಬಹುದು."

"ಸುಳ್ಳು ಹೇಳಬೇಡ ಈಗ!" ಮೇಜು ಗುದ್ದಿದಳು. ತಟ್ಟೆ ಅಲುಗಿತು. "ಬರಿ. ನಿಜವಾಗಿ ಹೆಂಗೆ ಹೊರಟಳೋ ಹಂಗೆ ಬರಿ. ಈಗಲೇ."

ಅವನು ಚೀಲದಿಂದ ಹಾಳೆ ತೆಗೆದ. ಅಭ್ಯಾಸದಂತೆ ಮೊದಲು ಚೌಕಟ್ಟು ಎಳೆದ, ನೇರ, ಅಚ್ಚುಕಟ್ಟಾಗಿ. ಆಮೇಲೆ ಪೆನ್ನು ಹಾಳೆಯ ಮೇಲೆಯೇ ನಿಂತಿತು. ಬಾಗಿಲು ಬರೆಯೋಣವೆಂದರೆ ಯಾವ ಬಾಗಿಲು? ಬೆನ್ನು ಬರೆಯೋಣವೆಂದರೆ ಯಾರ ಬೆನ್ನು? ಏನು ಬರೆದರೂ ಅದೇ ನಿಜವಾಗಿಬಿಡುತ್ತದೆ. ಮೇಜಿನ ಆಚೆ ಅದನ್ನು ನುಂಗಲು ಬಾಯಿ ತೆರೆದುಕೊಂಡು ಕೂತಿದ್ದಳು ಅವಳು. ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಕಬ್ಬಿಣದ ಷಟರನ್ನು ಕೆಳಗೆಳೆದರು.

"ಆಯ್ತಾ?"

"ಇನ್ನೂ ಇಲ್ಲ."

"ತಾ ಇಲ್ಲಿ."

ಹಾಳೆಯನ್ನು ಅವನ ಕೈಯಿಂದ ಎಳೆದುಕೊಂಡಳು. ಮೂಗಿಗೆ ತಾಕುವಷ್ಟು ಹತ್ತಿರ ಹಿಡಿದಳು. ಆ ಖಾಲಿ ಚೌಕದೊಳಗೆ, ಕತ್ತಲೆ ಕೋಣೆಯ ಕಿಟಕಿಗೆ ಹಣೆ ಹಚ್ಚಿ ನೋಡುವವಳಂತೆ, ಉಸಿರು ಬಿಗಿಹಿಡಿದು ನೋಡಿದಳು. ನೋಡುತ್ತ ನೋಡುತ್ತ ಮುಖ ಸಡಿಲವಾಯಿತು.

"ಹೂಂ," ಎಂದಳು ಮೆಲ್ಲಗೆ. "ಇದೇ. ಹಿಂಗೇ ಹೊರಟಳು."

ಹಾಳೆಯನ್ನು ಅವನ ಕಡೆ ತಿರುಗಿಸಿ ಹಿಡಿದಳು. ತನಗೂ ಏನಾದರೂ ಕಂಡುಬಿಟ್ಟೀತೆಂದು ಹಾಯ್ಮೆ ಕಣ್ಣು ಮುಚ್ಚಿಕೊಂಡ.