ಅಡುಗೆಮನೆಯ ಡಿಪೋ

ಆ ಬೀದಿಯಲ್ಲಿ ಮೂರು ಕಾರುಗಳಿದ್ದವು. ಓಡುತ್ತಿದ್ದದ್ದು ಒಂದೇ. ಉಳಿದೆರಡು ಮೈತುಂಬ ಹೊದಿಕೆ ಹೊದ್ದು ಮನೆಗಳ ಮುಂದೆ ಮಲಗಿದ್ದವು. ಒಂದಕ್ಕೆ ವಿಮೆ ಮುಗಿದಿತ್ತು, ಇನ್ನೊಂದರ ಟೈರು ಸವೆದು ಬೋಳಾಗಿತ್ತು. ಕೊಂಡ ದಿನ ಬೀದಿಯವರನ್ನೆಲ್ಲ ಕೂರಿಸಿಕೊಂಡು ಸುತ್ತು ಹೊಡೆಸಿದ್ದ ಯಜಮಾನರು ಈಗ ಅದೇ ಕಾರಿನ ಪಕ್ಕದಲ್ಲಿ ನಡೆದು ಬಸ್ ಹತ್ತಲು ಹೋಗುತ್ತಿದ್ದರು. ಯಾಕೆಂದು ಕೇಳಿದರೆ, "ನಡೆದ್ರೆ ಆರೋಗ್ಯಕ್ಕೆ ಒಳ್ಳೇದಲ್ವಾ?" ಎಂದು ಹಲ್ಲು ಕಿರಿಯುತ್ತಿದ್ದರು.

ನಾಲ್ಕನೆಯ ಕಾರು ತರಲು ಹೊರಟವರು ಡ್ರೈವರಜ್ಜ.

ಅಜ್ಜ ಎಂದರೆ ತಲೆಯಷ್ಟೇ ಬೆಳ್ಳಗೆ, ಆಳು ಇನ್ನೂ ಗಟ್ಟಿ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಒಂದು ನಾಯಿಮರಿಗೂ ಗಾಯ ಮಾಡಿದವರಲ್ಲ. ಅದಕ್ಕಾಗಿ ಸಿಕ್ಕ ಪದಕ ನಡುಮನೆಯ ಗೋಡೆಯ ಮೇಲಿತ್ತು. ಅವರ ಹೆಂಡತಿ ಮನೆಯ ಗಡಿಯಾರ ಒರೆಸಲು ಮರೆತರೂ ಆ ಪದಕ ಒರೆಸಲು ಮರೆಯುತ್ತಿರಲಿಲ್ಲ. ಎಲ್ಲ ಇದ್ದರೂ ಅಜ್ಜನ ಎದೆಯಲ್ಲಿ ಒಂದು ಮುಳ್ಳು ಇತ್ತು. ಊರಿನವರನ್ನೆಲ್ಲ ಕೂರಿಸಿಕೊಂಡು ಓಡಾಡಿದ ತಾನು ತನ್ನವರನ್ನು ತನ್ನ ಗಾಡಿಯಲ್ಲಿ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲವಲ್ಲ ಎಂಬುದು. ಹೆಂಡತಿ ಎಷ್ಟೋ ಸಲ ಅವರ ಬಸ್ಸನ್ನೇ ಹತ್ತಿದ್ದರು, ನಿಜ. ಆದರೆ ಹಿಂದೆ ಎಲ್ಲೋ ಕೂತು, ತೆಪ್ಪಗೆ ಇಳಿದು ಹೋಗುತ್ತಿದ್ದರು. "ಚಾಲಕರೊಂದಿಗೆ ಮಾತನಾಡಬೇಡಿ" ಎಂದು ಬಸ್ಸಿನಲ್ಲಿ ಬರೆದಿತ್ತು. ಆ ಬಸ್ಸಿನಲ್ಲಿ ಆ ಮಾತನ್ನು ನಿಜವಾಗಿ ಪಾಲಿಸಿದವರು ಅವರೊಬ್ಬರೇ.

ಒಂದು ಬೆಳಿಗ್ಗೆ ಅಜ್ಜ ಗರಿಗರಿ ಅಂಗಿ ತೊಟ್ಟು ಶೋರೂಮಿಗೆ ಹೋಗಿ ಬಂದರು. ಕೈಯಲ್ಲಿ ಬಣ್ಣದ ಚಿತ್ರಗಳ ಹಾಳೆ. ಎಲ್ಲಕ್ಕಿಂತ ಸಣ್ಣ, ಎಲ್ಲಕ್ಕಿಂತ ಅಗ್ಗದ ಕಾರು.

"ಅಗ್ಗ ಅಂದ್ರೆ ಎಷ್ಟು?" ಎಂದು ಮಗ ಕೇಳಿದ. ಅವನದು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ.

ಅಜ್ಜ ಹೇಳಿದರು. ಮಗ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಇದು ಅಗ್ಗದ ಕಾರಾ ಅಪ್ಪಾ? ನೀವು ರಿಟೈರ್ ಆದಾಗ ಹೇಳಿದ ರೇಟೇ ಬೇರೆ ಇತ್ತಲ್ಲ."

"ಎಲ್ಲ ಏರಿದೆಯಂತೆ ಕಣೋ. ಇನ್ನೂ ಏರುತ್ತಂತೆ. ಅದಕ್ಕೇ ಈಗ್ಲೇ ತಗೋಬೇಕು. ನನ್ನ ನಿವೃತ್ತಿ ದುಡ್ಡು ಪೂರ್ತಿ ಹಾಕಿದ್ರೆ ಅರ್ಧ ಆಯ್ತು. ಇನ್ನರ್ಧಕ್ಕೆ ಸಾಲ ಅವ್ರೇ ಕೊಡಿಸ್ತಾರೆ. ಒಂದು ಸಹಿ ಹಾಕಿದ್ರೆ ಸಾಕು!"

ಶೋರೂಮಿನ ಹುಡುಗ ಅಂಗೈಯಲ್ಲಿ ಆಕಾಶ ತೋರಿಸಿದ್ದ. ಅಜ್ಜ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು.

ಆ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಸೊಸೆಯ ಹೊಲಿಗೆ ಯಂತ್ರ ನಿಂತಿತು. ಅವಳು ಗಾಡಿಗಳ ಸೀಟಿಗೆ ಕವರು ಹೊಲಿಯುವವಳು. ಸೀಟು ಯಾವ ಗಾಡಿಯದಾದರೂ ಅವಳ ಕವರು ಕೂತರೆ ಒಂದು ಸುಕ್ಕು ಕಾಣಿಸದು. ತನ್ನ ಹಳೇ ಸ್ಕೂಟರಿನ ಸೀಟು ಹೊಲಿಸಲು ಬಂದು ಅವಳೆದುರು ಕೂತಿದ್ದ ಸ್ಟೋರಕ್ಕ ಕಿವಿ ನೆಟ್ಟಗೆ ಮಾಡಿದರು. ಇದೇ ಅಕ್ಕ ಬಸ್ ಡಿಪೋದಲ್ಲಿ ಬಿಡಿಭಾಗಗಳ ಕೋಣೆ ನೋಡಿಕೊಳ್ಳುತ್ತಿದ್ದವರು. ಹಾಗಾಗಿ ಆ ಹೆಸರು.

"ಅಣ್ಣಾ, ಕಂತಿನ ಲೆಕ್ಕ ಆಯ್ತು. ಟೈರಿಗೆ ಏನ್ ಮಾಡ್ತೀರಿ?" ಎಂದರು.

"ಟೈರಾ? ಅದು ಕಾರಿನ ಜೊತೇಲೇ ಬರುತ್ತಲ್ಲ!"

"ಸವೆದ ಮೇಲೆ?"

ಅಜ್ಜ ನೆನಪು ಮಾಡಿಕೊಳ್ಳಲು ನೋಡಿದರು. ಮೂವತ್ತು ವರ್ಷ ಟೈರು ಸವೆದಾಗ ಏನಾಗುತ್ತಿತ್ತು? ಸಂಜೆ ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ, "ಹಿಂದಿನ ಟೈರು ನೋಡ್ರಪ್ಪಾ" ಎಂದು ಒಂದು ಮಾತು ಹೇಳಿ ಮನೆಗೆ ಬರುತ್ತಿದ್ದರು. ಬೆಳಿಗ್ಗೆ ಹೋದರೆ ಹೊಸ ಟೈರು ಹಾಕಿರುತ್ತಿತ್ತು. ಬ್ರೇಕೂ ಹಾಗೇ, ಬ್ಯಾಟರಿಯೂ ಹಾಗೇ. ವಿಮೆ ಎಂಬುದೊಂದು ಕಟ್ಟಬೇಕು ಎಂಬುದು ಅವರ ತಲೆಗೇ ಬಂದಿರಲಿಲ್ಲ. ಡೀಸೆಲ್ ಕೂಡ ತಾನಾಗಿಯೇ ತುಂಬಿಕೊಳ್ಳುತ್ತದೆ ಎನ್ನುವಷ್ಟು ನಿಶ್ಚಿಂತೆಯಿಂದ ಬದುಕಿದ್ದರು.

"ಸ್ಟೋರಕ್ಕಾ, ಗಾಡಿ ವಿಷಯ ನನಗೆ ಹೇಳ್ಕೊಡ್ತೀರಾ?" ಎಂದು ಅಜ್ಜ ಮುಖ ಗಂಟಿಕ್ಕಿದರು.

"ಓಡ್ಸೋ ವಿಷಯ ಅಲ್ಲಣ್ಣ. ಅದ್ರಲ್ಲಿ ನಿಮ್ಮ ಮುಂದೆ ಯಾರೂ ಇಲ್ಲ, ಡಿಪೋಗೆ ಡಿಪೋನೇ ಹೇಳ್ತಿತ್ತು. ಆದ್ರೆ ನೀವು ಬಸ್ ಓಡಿಸಿದ್ರಿ, ಸಾಕಲಿಲ್ಲ. ಸಾಕಿದ್ದು ಡಿಪೋ. ಕಾರು ಮನೆಗೆ ಬಂದ್ರೆ ಡಿಪೋ ಎಲ್ಲಿಂದ ಬರುತ್ತೆ?"

ಅಜ್ಜನ ಹೆಂಡತಿ ಅಡುಗೆಮನೆಯಿಂದ ಇಣುಕಿದರು. "ಹಾಗ್ ಕೇಳಿ. ಇವ್ರು ಮನೇಲಿ ಬಲ್ಬು ಹೋದ್ರೂ, 'ಒಂದು ಮಾತು ಹೇಳಿ, ಹಾಕ್ತಾರೆ' ಅಂತಾರೆ. ಯಾರು ಹಾಕ್ತಾರೆ ಅಂತ ಇವತ್ತಿನವರೆಗೂ ಗೊತ್ತಿಲ್ಲ."

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ.

ಸ್ಟೋರಕ್ಕ ದನಿ ತಗ್ಗಿಸಿ ಹೇಳಿದರು. "ಕಾರು ಬೇಡ ಅನ್ನೋಕೆ ಬಂದಿಲ್ಲ ಅಣ್ಣಾ. ನಿಮ್ಮಾಸೆ ನನಗೆ ಗೊತ್ತಿಲ್ವಾ? ಕೊಳ್ಳೋ ದುಡ್ಡು ಒಂದೇ ಸಲ ಕೊಟ್ಟು ಮುಗೀತು ಅನ್ಸುತ್ತೆ. ಸಾಕೋ ದುಡ್ಡು ತಿಂಗಳು ತಿಂಗಳೂ ಜೇಬಿಗೆ ಕತ್ತರಿ ಹಾಕುತ್ತೆ. ಪೆಟ್ರೋಲ್ ಏರಿದೆ, ವಿಮೆ ಏರಿದೆ, ಗ್ಯಾರೇಜಿನ ಕೂಲಿನೂ ಏರಿದೆ. ಒಂದ್ ಕೆಲಸ ಮಾಡಿ. ಕಾರು ಬಂದೇ ಬಿಟ್ಟಿದೆ ಅಂದ್ಕೊಳ್ಳಿ. ಕಂತು, ಪೆಟ್ರೋಲು, ವಿಮೆ, ಟೈರು, ಸರ್ವಿಸು, ಎಲ್ಲದರ ತಿಂಗಳ ಪಾಲು ಒಂದು ಡಬ್ಬಕ್ಕೆ ಹಾಕ್ತಾ ಹೋಗಿ. ನಾಲ್ಕೈದು ತಿಂಗಳು ನಿಲ್ಲದೆ ಹಾಕಿದ್ರಿ ಅಂದ್ರೆ, ಹೋಗಿ ಸಹಿ ಹಾಕಿ. ನಾನೇ ಜೊತೆಗೆ ಬರ್ತೀನಿ."

"ಇಲ್ಲದ ಕಾರಿಗೆ ಪೆಟ್ರೋಲಾ?" ಎಂದು ಮಗ ಕಿಸಕ್ಕನೆ ನಕ್ಕ.

ಸೊಸೆ ಮಾತ್ರ ನಗಲಿಲ್ಲ. "ಮಾವ, ನಾನು ಯಾವ ಕವರನ್ನೂ ನೇರವಾಗಿ ಗಟ್ಟಿ ಹೊಲಿಯಲ್ಲ. ಮೊದ್ಲು ಕಚ್ಚಾ ಹೊಲಿಗೆ ಹಾಕಿ ಸೀಟಿನ ಮೇಲೆ ಕೂರಿಸಿ ನೋಡ್ತೀನಿ. ಎಲ್ಲಾದ್ರೂ ಬಿಗಿಯಾದ್ರೆ ಬಿಚ್ಚೋಕಾಗುತ್ತೆ. ಸಾಲಕ್ಕೆ ಸಹಿ ಹಾಕಿದ್ಮೇಲೆ ಬಿಚ್ಚೋಕಾಗುತ್ತಾ?"

ಸೊಸೆಯ ಮಾತಿಗೆ ಅಜ್ಜ ಯಾವತ್ತೂ ಎದುರಾಡಿದವರಲ್ಲ. ಹಳೆಯ ಬಿಸ್ಕತ್ತಿನ ಡಬ್ಬ ಅಡುಗೆಮನೆಯ ಶೆಲ್ಫ್ ಏರಿತು. ಮೊಮ್ಮಗಳು ಅದರ ಮೇಲೆ ದಪ್ಪಕ್ಷರದಲ್ಲಿ "ಡಿಪೋ" ಎಂದು ಬರೆದಳು.

ಎಷ್ಟು ಹಾಕಬೇಕು ಎಂದು ತಿಳಿಯಲು ಅಜ್ಜ ತಾವೇ ಗ್ಯಾರೇಜಿಗೆ ಹೋದರು, ವಿಮೆ ಕಚೇರಿಗೆ ಹೋದರು, ಟೈರಿನ ಅಂಗಡಿಯಲ್ಲಿ ನಿಂತು ಕೇಳಿದರು. ಹೋಗುವಾಗ ಮೀಸೆ ತಿರುವುತ್ತಾ ಹೋದವರು ಬರುವಾಗ ಮೀಸೆಯನ್ನೇ ಮರೆತಿದ್ದರು.

"ಏನ್ರೀ ಅಂದ್ರು?" ಎಂದು ಹೆಂಡತಿ ಕೇಳಿದರು.

"ಆ ಡಿಪೋದವ್ರು ಪಾಪ, ನನಗೆ ಯಾವತ್ತೂ ಬಿಲ್ ತೋರಿಸ್ಲೇ ಇಲ್ಲ ಕಣೇ" ಎಂದರು ಅಜ್ಜ.

ಮೊದಲ ತಿಂಗಳು ಡಬ್ಬ ಸಲೀಸಾಗಿ ತುಂಬಿತು. ಅಜ್ಜನಿಗೆ ಮತ್ತೆ ಗತ್ತು ಬಂತು. ಎರಡನೆಯ ತಿಂಗಳು ಮನೆಖರ್ಚನ್ನು ಹಿಡಿಹಿಡಿದು ಮಾಡಿದರು. ಮೂರನೆಯ ತಿಂಗಳು ಮೊಮ್ಮಗಳ ಶಾಲೆಯ ಶುಲ್ಕ ಕಟ್ಟಬೇಕಾಗಿ ಬಂತು, ಅದೇ ತಿಂಗಳು ತಂತಿಯ ಬೆಲೆ ಏರಿ ಮಗನ ಕೈ ಕಟ್ಟಿತು. ಸೊಸೆ ಎರಡು ದಿನ ಕಾದಳು. ಆಮೇಲೆ ಶುಲ್ಕದ ಚೀಟಿ ಹಿಡಿದು ಮಾವನ ಮುಂದೆ ಬಂದು ನಿಂತಳು.

ಅಜ್ಜ ಎದ್ದು ಹೋಗಿ ಡಬ್ಬ ಇಳಿಸಿದರು. ಮುಚ್ಚಳ ತೆರೆದು, ಶುಲ್ಕಕ್ಕೆ ಬೇಕಾದಷ್ಟನ್ನು ಅವಳ ಕೈಗೆ ಕೊಟ್ಟರು. ಒಂದು ವೇಳೆ ಕಾರು ನಿಜವಾಗಿ ಬಾಗಿಲಲ್ಲಿ ನಿಂತಿದ್ದರೆ ಆ ದುಡ್ಡು ಬ್ಯಾಂಕಿನವರ ಪಾಲಾಗಿರುತ್ತಿತ್ತು, ಮೊಮ್ಮಗಳು ಶಾಲೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿತ್ತು. ಅದು ಅವರ ಕಣ್ಣಿಗೆ ಕಟ್ಟಿತು. ತಮ್ಮ ಒಂದು ಆಸೆ ಮನೆಯ ಎಲ್ಲರ ತುತ್ತಿಗೂ ಕೈ ಹಾಕುತ್ತಿತ್ತಲ್ಲ ಎಂದು ನಾಚಿಕೆಯಾಯಿತು.

ಸಂಜೆ ತಾವೇ ಸ್ಟೋರಕ್ಕನ ಮನೆಗೆ ಹೋದರು. "ಅಕ್ಕಾ, ನನ್ನ ಗಾಡಿ ಮೂರನೇ ಸ್ಟಾಪಲ್ಲೇ ಕೆಟ್ಟು ನಿಂತಿತು" ಎಂದರು.

"ಎಲ್ಲಿ ಕೆಟ್ಟಿತು ಅಂತ ನೋಡಿದ್ರಾ?"

"ನೋಡ್ದೆ. ಕಂತು. ಕಂತೊಂದು ಇಲ್ದಿದ್ರೆ ಮಿಕ್ಕಿದ್ದೆಲ್ಲ ಎಳೀಬಹುದಿತ್ತು."

"ಹಾಗಾದ್ರೆ ಕಂತು ಇಲ್ಲದ ಕಾರು ನೋಡಿ. ಹೊಸದೇ ಆಗ್ಬೇಕು ಅಂತ ಎಲ್ಲಿ ಬರೆದಿದೆ? ನಿಮ್ಮ ಬಸ್ಸು ಎಷ್ಟು ಹಳೇದಿತ್ತು ನೆನಪಿದ್ಯಾ?"

ಅಜ್ಜ ಆ ದಿನ ಮೊದಲ ಸಲ ನಕ್ಕರು. "ಅದು ನನಗಿಂತ ಮುಂಚೆ ಡ್ಯೂಟಿಗೆ ಸೇರಿತ್ತು ಬಿಡಿ!"

ಕಂತಿನ ಪಾಲು ಬಿಟ್ಟು ಮಿಕ್ಕಿದ್ದನ್ನು ಡಬ್ಬಕ್ಕೆ ಹಾಕುತ್ತಾ ಹೋದರು. ಒಂದು ತಿಂಗಳೂ ತಪ್ಪಲಿಲ್ಲ. ಅಜ್ಜ ಅಷ್ಟರಲ್ಲಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಲೈಸೆನ್ಸನ್ನೂ ಹೊಸದು ಮಾಡಿಸಿಕೊಂಡರು. ಆಮೇಲೆ ಮನೆಮಂದಿಯೆಲ್ಲ ಹಳೇ ಕಾರು ಮಾರುವ ಜಾಗಕ್ಕೆ ಹೊರಟರು.

ಅಲ್ಲಿ ಒಂದು ಕಾರು ಫಳಫಳ ಹೊಳೆಯುತ್ತಿತ್ತು. ಅಜ್ಜನ ಕಣ್ಣು ಅದರ ಮೇಲೇ ನೆಟ್ಟಿತು. ಮಾರುವವನು ಬಾಗಿಲು ತೆರೆದು, "ಕೂತ್ ನೋಡಿ ಸಾರ್" ಎಂದ. ಅಜ್ಜ ಕೂರುವ ಮುಂಚೆ ಸೊಸೆ ಬಗ್ಗಿ ಸೀಟಿನ ಕವರಿನ ಅಂಚು ಎತ್ತಿದಳು. ಒಳಗಿನ ಸ್ಪಂಜನ್ನು ಒತ್ತಿ ಮೂಸಿದಳು. ಸೀಟು ಹಿಂದೆ ಮುಂದೆ ಸರಿಯುವ ಕಬ್ಬಿಣದ ಹಳಿಗಳ ಮೇಲೆ ಬೆರಳಾಡಿಸಿ ಮಾವನಿಗೆ ತೋರಿಸಿದಳು. ಬೆರಳು ಪೂರ್ತಿ ಕಂದು ತುಕ್ಕು.

"ಮಾವ, ಇದು ನೀರಲ್ಲಿ ಮುಳುಗಿದ್ದ ಗಾಡಿ. ಕವರು ಹೊಸದು, ಒಳಗೆಲ್ಲ ಕೊಳೆತಿದೆ."

ಮಾರುವವನು ಆಕಾಶ ನೋಡಿದ. ಅಜ್ಜನ ಎದೆ ಉಬ್ಬಿತು. ಅಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳಿಸುವ ಹಾಗೆ, "ನನ್ನ ಸೊಸೆ ಕಣ್ರೀ! ನಿಮ್ಮ ಗಾಡೀನೂ ತೋರಿಸ್ಕೊಳ್ಳಿ ಬೇಕಾದ್ರೆ!" ಎಂದು ಕೂಗಿದರು. ಸೊಸೆ ನಾಚಿ ಮಾವನ ತೋಳು ಹಿಡಿದು ಆಚೆಗೆ ಕರೆದುಕೊಂಡು ಹೋದಳು.

ಕೊನೆಗೆ ಆರಿಸಿದ್ದು ಮೂಲೆಯಲ್ಲಿದ್ದ ಬಣ್ಣ ಮಾಸಿದ ಸಣ್ಣ ಕಾರು. ಒಬ್ಬರೇ ಯಜಮಾನರ ಕೈಯಲ್ಲಿ ಇದ್ದದ್ದು, ವೇಳೆಗೆ ಸರಿಯಾಗಿ ಸರ್ವಿಸ್ ಮಾಡಿಸಿದ್ದು. ಪರಿಚಯದ ಮೆಕ್ಯಾನಿಕ್ಕನ್ನು ಕರೆಸಿ ತೋರಿಸಿದರು. ಬಾಕಿ ದಂಡ, ಬಾಕಿ ಸಾಲ ಏನೂ ಇಲ್ಲವೆಂದು ಖಚಿತ ಮಾಡಿಕೊಂಡು ಕಾಗದಪತ್ರಗಳನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ನಿವೃತ್ತಿಯ ದುಡ್ಡಿನಲ್ಲಿ ಬಹುಪಾಲು ಬ್ಯಾಂಕಿನಲ್ಲಿ ಹಾಗೇ ಉಳಿಯಿತು. ವಿಮೆಯನ್ನು ಡಬ್ಬದ ದುಡ್ಡಿನಿಂದಲೇ ಕಟ್ಟಿದರು. ಸೊಸೆ ಹಗಲೆಲ್ಲ ಕೂತು ಕವರು ಹೊಲಿದಳು. ಚಾಲಕನ ಸೀಟಿಗೆ ಮಾತ್ರ ಬೇರೆ ಬಟ್ಟೆ ಹಾಕಿದ್ದಳು. ಅಜ್ಜ ಬಸ್ಸಿನಲ್ಲಿ ಮೂವತ್ತು ವರ್ಷ ಕೂತ ಸೀಟಿನದೇ ಕಡುನೀಲಿ. ಅದನ್ನು ನೋಡಿ ಅಜ್ಜ ಕನ್ನಡಕ ತೆಗೆದು ಎರಡು ಸಲ ಒರೆಸಿಕೊಂಡರು.

ಭಾನುವಾರ ಕಾರು ಹೊರಟಿತು. ಹಿಂದೆ ಮಗ, ಸೊಸೆ, ಮೊಮ್ಮಗಳು. ಮುಂದೆ, ಅಜ್ಜನ ಪಕ್ಕದಲ್ಲಿ, ಹೆಂಡತಿ. ಬಸ್ ನಿಲ್ದಾಣ ಬಂದಾಗಲೆಲ್ಲ ಅಜ್ಜನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. "ತಾತಾ, ಯಾರೂ ಹತ್ತೋರಿಲ್ಲ, ಹೋಗಿ!" ಎಂದು ಮೊಮ್ಮಗಳು ಹಿಂದಿನಿಂದ ಕೂಗುತ್ತಿದ್ದಳು.

ಊರ ಹೊರಗಿನ ಸೇತುವೆ ದಾಟುವವರೆಗೂ ಅಜ್ಜನ ಹೆಂಡತಿ ಕೈಕಟ್ಟಿ ಸುಮ್ಮನೆ ಕೂತಿದ್ದರು.

"ಯಾಕೆ ಮಾತೇ ಇಲ್ಲ?" ಎಂದರು ಅಜ್ಜ.

"ಚಾಲಕರ ಜೊತೆ ಮಾತಾಡಬಾರದಲ್ಲ."

"ಆ ಬೋರ್ಡು ಬಸ್ಸಲ್ಲಿ ಇತ್ತು ಕಣೇ. ಇದು ನಿನ್ನ ಗಾಡಿ. ಮಾತಾಡು."

ಅವರು ಶುರು ಮಾಡಿದರು ನೋಡಿ. ಮೂವತ್ತು ವರ್ಷದ ಮಾತು ಬಾಕಿ ಇತ್ತು. ಹೋಗುವ ದಾರಿಯೂ ಮುಗಿಯಿತು, ಬರುವ ದಾರಿಯೂ ಮುಗಿಯಿತು, ಮಾತು ಮುಗಿಯಲಿಲ್ಲ. ಅಜ್ಜ ಒಂದು ಕಡೆಯೂ "ಸಾಕು ಸುಮ್ಮನಿರು" ಎನ್ನಲಿಲ್ಲ.

ಮನೆ ತಲುಪಿ ಕಾರು ನಿಲ್ಲಿಸಿದಾಗ, ಹೊದಿಕೆ ಹೊದ್ದ ಕಾರಿನ ಯಜಮಾನರೊಬ್ಬರು ಬಳಿ ಬಂದರು. "ಹಳೇ ಕಾರು ತಂದ್ರಾ ಡ್ರೈವರಜ್ಜ? ಹೊಸದು ಅಂದಿದ್ರಲ್ಲ?" ಎಂದರು.

ಮೊದಲಿನ ಅಜ್ಜನಾಗಿದ್ದರೆ ಮುಖ ಸಣ್ಣ ಮಾಡುತ್ತಿದ್ದರೇನೋ. ಈಗ ತಲೆ ಎತ್ತಿ ಹೇಳಿದರು. "ಹಳೇದೇ. ಆದ್ರೆ ಪೂರ್ತಿ ನಮ್ಮದೇ. ಬನ್ನಿ ಒಳಗೆ, ನಮ್ಮ ಡಿಪೋ ತೋರಿಸ್ತೀನಿ." ಅಡುಗೆಮನೆಗೆ ಕರೆದುಕೊಂಡು ಹೋಗಿ, ಆ ದಿನ ಓಡಿಸಿದ್ದಕ್ಕೆ ಟೈರಿನ ಪಾಲೆಂದು ಜೇಬಿನಿಂದ ತೆಗೆದು ಡಬ್ಬಕ್ಕೆ ಹಾಕಿದರು. ಹಾಕುವಾಗ ಅವರ ಮುಖ ಪದಕ ತೆಗೆದುಕೊಂಡ ದಿನ ಇದ್ದ ಹಾಗೇ ಇತ್ತು. ಆ ನೆರೆಯವರು ಡಬ್ಬವನ್ನು ಎತ್ತಿ ತೂಕ ನೋಡಿದರು. "ಇಂಥದೊಂದು ಡಬ್ಬ ನಮ್ಮನೇಲೂ ಇರ್ಬೇಕು" ಎಂದು ಹೋದರು. ಕೆಲವು ತಿಂಗಳಲ್ಲಿ ಅವರ ಕಾರಿನ ಹೊದಿಕೆ ಸರಿದು, ಕಾರು ಮತ್ತೆ ಓಡತೊಡಗಿತು.

ಅಣ್ಣಂದಿರೇ, ಅಕ್ಕತಂಗಿಯರೇ, ಕಾರು ಕೊಳ್ಳುವ ಆಸೆ ತಪ್ಪಲ್ಲ. ನಮ್ಮವರನ್ನು ನಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು ಯಾರಿಗೆ ಬೇಡ? ಆದರೆ ಸಹಿ ಹಾಕುವ ಮುಂಚೆ ನಿಮ್ಮ ಅಡುಗೆಮನೆಯಲ್ಲೂ ಒಂದು ಡಿಪೋ ತೆರೆಯಿರಿ. ಇಲ್ಲದ ಕಾರನ್ನು ಕೆಲವು ತಿಂಗಳು ಸಾಕಿ ನೋಡಿ. ಕೈ ಕಚ್ಚಿದರೆ ಇನ್ನೂ ಸಣ್ಣದು ನೋಡಿ, ಹಳೆಯದು ನೋಡಿ, ಇಲ್ಲವೇ ಸ್ವಲ್ಪ ಕಾಯಿರಿ. ಅದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ. ಹಳೆಯದನ್ನು ಕೊಳ್ಳುವಾಗ ಹೊರಗಿನ ಹೊಳಪಿಗೆ ಮರುಳಾಗದೆ ಸೀಟಿನ ಕವರು ಎತ್ತಿ ನೋಡಿ, ತಿಳಿದವರಿಗೆ ತೋರಿಸಿ. ಮನೆ ಮುಂದೆ ಹೊದಿಕೆ ಹೊದ್ದು ಮಲಗುವ ಹೊಸ ಕಾರಿಗಿಂತ, ನಿಮ್ಮವರು ಬಾಯಿತುಂಬ ಮಾತಾಡುತ್ತಾ ಕೂತು ಹೋಗುವ ಹಳೇ ಕಾರೇ ನಿಮ್ಮ ಹೆಮ್ಮೆಯಾಗಲಿ.